ಓದುವವರ ಕಣ್ಣು

“ಕಸುಬು?” ಸ್ಮಶಾನದ ಗುಮಾಸ್ತ ಪೆನ್ನು ಎತ್ತಿ ಹಿಡಿದು ಎರಡನೇ ಸಲ ಕೇಳಿದ.

ತೀರಿಕೊಂಡವಳ ತಮ್ಮ ತಡವರಿಸಿದ. “ಅಕ್ಕ ಚಿತ್ರ ಬಿಡಿಸ್ತಿದ್ಲು. ಯಾವ್ದೋ ಔಷಧಿ ಕಂಪನಿಗೆ.”

“ಚಿತ್ರ ಅಲ್ಲ ಸಾರ್,” ಹಿಂದಿನಿಂದ ಔಷಧಿ ಅಂಗಡಿಯವರು ಹೇಳಿದರು. “ಡಿಸೈನರ್ ಅಂತ ಬರ್ಕೊಳ್ಳಿ.”

ಬಂದವರು ಮೂವರೇ: ತಮ್ಮ, ಅಂಗಡಿಯವರು, ಪಕ್ಕದ ಮನೆಯಾಕೆ. ಅಲ್ಲಿ ಹಾಕಿದ್ದ ನಲವತ್ತು ಖಾಲಿ ಕುರ್ಚಿಗಳಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ಮೂವರೂ ಗೋಡೆಗೊರಗಿ ನಿಂತರು.

“ನಿಮ್ಮಕ್ಕ ಒಂದ್ಸಲ ನನ್ನ ಅಂಗಡೀಲಿ ಹನ್ನೊಂದು ದಿನ ಸ್ಟೂಲ್ ಹಾಕ್ಕೊಂಡು ಕೂತಿದ್ರು,” ಎಂದರು ಅಂಗಡಿಯವರು. “ಎಲ್ಲೋ ತಲೆ ಕೆಟ್ಟಿದೆ ಅನ್ಕೊಂಡಿದ್ದೆ.”

*

ಅಂಗಡಿಯಲ್ಲಿ ಕೂತ ಆ ಹನ್ನೊಂದು ದಿನ ಕಳೆದ ಮರುದಿನ, ಆಫೀಸಿನಲ್ಲಿ ಮೇಲಧಿಕಾರಿ ಅವಳ ಖಾಲಿ ಹಾಳೆಯನ್ನು ಎಲ್ಲರಿಗೂ ಎತ್ತಿ ತೋರಿಸಿದ್ದ. “ಒಂದು ಗೆರೆ ಇಲ್ಲ! ಇಷ್ಟು ದಿನ ಏನ್ಮಾಡ್ತಿದ್ರಿ ಮೇಡಂ?”

“ಅಂಗಡೀಲಿ ನಮ್ಮ ಲೇಬಲ್ ಯಾರು ಓದ್ತಾರೆ ಅಂತ ನೋಡ್ತಿದ್ದೆ. ಒಬ್ಬರು ಅಜ್ಜ ರಾತ್ರಿ ಮಾತ್ರೆ ಡಬ್ಬಿಗೆ ದಾರ ಕಟ್ಕೊಂಡಿದ್ರು. ಬೆಳಗಿನದೂ ಅದೂ ಒಂದೇ ಥರ ಇದೆ. ನಾವಿಲ್ಲಿ ಬಣ್ಣಕ್ಕೆ ಜಗಳ ಆಡ್ತಿದೀವಿ ಸಾರ್. ಮಾತ್ರೆ ತಗೊಳ್ಳೋ ಹೊತ್ತು ದಪ್ಪ ಅಕ್ಷರದಲ್ಲಿ ಬರ್ಲಿ.”

“ಮತ್ತೆ ಕಂಪನಿ ಹೆಸರು?”

“ಕೆಳಗೆ. ಚಿಕ್ಕದಾಗಿ.”

ಯಾರೋ ಕಿಸಕ್ಕನೆ ನಕ್ಕರು. ಅವಳು ಮೂರು ತಿಂಗಳು ಪಟ್ಟು ಬಿಡಲಿಲ್ಲ. ಆ ಲೇಬಲ್ಲಿಗೆ ಬಹುಮಾನ ಬಂದಾಗ ವೇದಿಕೆ ಹತ್ತಿದ್ದು ಮೇಲಧಿಕಾರಿ. ಅವಳು ಆ ಸಂಜೆ ಅದೇ ಸ್ಟೂಲಿನ ಮೇಲಿದ್ದಳು, ಹೊಸ ಡಬ್ಬಿಯನ್ನು ಜನ ಎಷ್ಟು ದೂರ ಹಿಡಿದು ಓದುತ್ತಾರೆಂದು ನೋಡುತ್ತ.

*

ಸ್ಮಶಾನದಿಂದ ಬಂದ ಮಧ್ಯಾಹ್ನ ಪಕ್ಕದ ಮನೆಯಾಕೆ ತಮ್ಮನಿಗೆ ಅಕ್ಕನ ಮನೆಯ ಬೀಗದಕೈ ಕೊಟ್ಟಳು. “ಒಂದು ವರ್ಷದಿಂದ ಕಣ್ಣು ತೀರಾ ಮಂಜಾಗಿತ್ತು, ಪಾಪ. ನಿಮಗೆ ಹೇಳಿರ್ಬೇಕಲ್ಲ?”

“ಇಲ್ಲ. ವಾರಕ್ಕೊಂದ್ಸಲ ಅವಳೇ ಫೋನ್ ಮಾಡೋಳು. ‘ಚೆನ್ನಾಗಿದೀನಿ ಕಣೋ’ ಅನ್ನೋಳು. ನಾನೇ... ಕೆಲಸ ಇದೆ ಅಂತ ಬೇಗ ಇಟ್ಬಿಡ್ತಿದ್ದೆ.”

ಒಳಗೆ ಮಂಚದ ಪಕ್ಕ ಫೋನಿತ್ತು. ಅದರ ಮೇಲೆ ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಅವನ ನಂಬರು. ಪಕ್ಕದ ಹಾಳೆಯಲ್ಲೂ ಅದೇ, ಇನ್ನಷ್ಟು ದಪ್ಪಗೆ, ಅಂಕಿಗಳ ನಡುವೆ ಹೆಚ್ಚು ಜಾಗ ಬಿಟ್ಟು. ಮೂರನೆಯದು ಕಪ್ಪು ಹಾಳೆ, ಬಿಳಿ ಅಂಕಿ. ಪ್ರತಿಯೊಂದರ ಮೂಲೆಯಲ್ಲೂ ತಾರೀಖು ಹಾಕಿ ‘ಸಾಲದು’ ಎಂದು ಬರೆದಿದ್ದಳು.

ಕೊನೆಯದು ಒಂದು ಹಾಳೆಯಲ್ಲಿ ಹಿಡಿಸಿರಲಿಲ್ಲ. ಅಂಕಿಗೊಂದು ಹಾಳೆಯಂತೆ, ಮಂಚದ ತಲೆದೆಸೆಯಿಂದ ಬಾಗಿಲವರೆಗೂ ಗೋಡೆಯುದ್ದಕ್ಕೆ ಅವನ ನಂಬರು ಹರಡಿತ್ತು.