ಗೋದಿ ಚೀಲದ ಕುಲಾವಿ

ಅಂಬವ್ವನಿಗೆ ಸುಳ್ಳು ಹೇಳಬೇಕೆಂದೇನೂ ಇರಲಿಲ್ಲ. ಎಪ್ಪತ್ಮೂರರ ಬೇಸಿಗೆಯಲ್ಲಿ ಕೆಲಸ ಹುಡುಕಿಕೊಂಡು ವಿಕ್ರೋಳಿಯಿಂದ ಕುರ್ಲಾಕ್ಕೆ ಬಂದವಳು, ಕಡಲಾಚೆಯ ಸಂಸ್ಥೆಯೊಂದು ಗಂಜಿ ಹಂಚುತ್ತಿದ್ದ ಶೆಡ್ಡಿನ ಮುಂದೆ ನಿಂತಳು. ಒಳಗೆ ಕೂತ ಹೆಂಗಸರು ವಿಜಾಪುರದ ಕಡೆಯ ಮಾತನಾಡುತ್ತಿದ್ದುದು ಕಿವಿಗೆ ಬಿದ್ದಿತ್ತು. ಅವಳ ಬಟ್ಟೆಯ ಗಂಟು ಸೆರಗಿನೊಳಗೆ ಹೊಟ್ಟೆಯ ಮೇಲಿತ್ತು. ಸೌಟು ಹಿಡಿದಿದ್ದ ಹಾಲವ್ವ ಅದನ್ನು ನೋಡಿ, "ಬಸುರಿ ಹೆಂಗಸು ಬಿಸಲಾಗ ಯಾಕ ನಿಂತೀಯವ್ವಾ? ಒಳಗ ಬಾ," ಎಂದಳು.

ಹೋದಳು. ಅಷ್ಟೇ ತಪ್ಪು.

ಆ ಗಂಜಿ ಬಸುರಿಯರಿಗೆ, ಬಾಣಂತಿಯರಿಗೆ, ಮಕ್ಕಳಿಗೆ ಮಾತ್ರ. ಬಿಳಿಯ ಹೆಂಗಸೊಬ್ಬಳು ಆಗೀಗ ಜೀಪಿನಲ್ಲಿ ಬಂದು ಇದನ್ನೇ ನಗುನಗುತ್ತ ಹೇಳಿ ಹೋಗುತ್ತಿದ್ದಳು. ಪುಣ್ಯಾತ್ಗಿತ್ತಿ, ಅಷ್ಟು ದೂರದಿಂದ ಬಂದು ಹಸಿದವರ ಹೊಟ್ಟೆ ನೋಡಿದಳಲ್ಲ, ಅದೇ ದೊಡ್ಡದು. ಆದರೆ ಗಂಡ ಇನ್ನೊಬ್ಬಳ ಹಿಂದೆ ಹೋದ ಮೇಲೆ ವಿಕ್ರೋಳಿಯ ಖೋಲಿಯಲ್ಲಿ ಗೋಡೆಯ ಜೊತೆ ಕೂತು ಉಣ್ಣುವ ಬಂಜೆಗೆ ಯಾವ ದೇಶದವರು ತಾನೇ ಪಂಕ್ತಿ ಹಾಕಿಯಾರು? ಅಂಬವ್ವನಿಗೆ ಗಂಜಿಗಿಂತ ಆ ಪಂಕ್ತಿಯೇ ಬೇಕಾಗಿತ್ತು. ಬೆಳಿಗ್ಗೆ ಮನೆಮನೆಯ ಮುಸುರೆ ತಿಕ್ಕಿ, ಹೊಟ್ಟೆಗೆ ಗಂಟು ಕಟ್ಟಿಕೊಂಡು ದಿನಾ ಲೋಕಲ್ ಹತ್ತಿ ಬಂದಳು. ದಿನ ಹೋದಂತೆ ಗಂಟಿಗೆ ಚಿಂದಿ ಸೇರಿಸಿದಳು. ಗಂಡ ಹಡಗಿನ ಕೆಲಸಕ್ಕೆ ಹೋಗಿದ್ದಾನೆ ಎಂದಳು. ಪಕ್ಕದಲ್ಲಿ ಕೂರುತ್ತಿದ್ದ ಬಾಣಂತಿ ಬಸಲಿಂಗವ್ವ ಅವಳ ತಲೆ ಬಾಚಿದಳು. ಅಂಬವ್ವನ ತಲೆಯನ್ನು ಇನ್ನೊಬ್ಬರು ಮುಟ್ಟಿ ವರ್ಷಗಳೇ ಆಗಿದ್ದವು.

"ಏಳರಾಗ ಬಿದ್ದಾಳ, ಕುಬಸಾ ಮಾಡೂಣು," ಎಂದು ಒಂದು ದಿನ ಹಾಲವ್ವನೇ ಸೀಮಂತದ ಮಾತು ಎತ್ತಿದಳು. ಪರದೇಶದ ಗೋದಿ ನುಚ್ಚನ್ನೇ ನಾಲ್ಕು ಮುಷ್ಟಿ ತೆಗೆದಿಟ್ಟು, ಬೆಲ್ಲ ಹಾಕಿ ಹುಗ್ಗಿ ಮಾಡಿದಳು. ಎಲ್ಲರೂ ಕೂಡಿ ಹಸಿರು ಬಳೆ ಇಡಿಸಿದರು, ಹಾಡಿದರು. ಅಂಬವ್ವ ಅತ್ತಳು. ಸಂತೋಷಕ್ಕೆ ಅಂದುಕೊಂಡರು, ಅದು ಅರ್ಧ ನಿಜವೇ. ಎಲ್ಲ ಹೇಳಿಬಿಡೋಣವೆಂದು ಬಾಯಿ ತೆರೆದಳು. ಬಸಲಿಂಗವ್ವ ಆ ಬಾಯಿಗೆ ಹುಗ್ಗಿ ಇಟ್ಟಳು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. "ಸಿಂದಗಿಗೆ ಯಾವಾಗ ಹೋಗ್ತಿ?" ಎಂದು ಅವರೇ ಕೇಳಿದರು. ಸಿಂದಗಿಯಲ್ಲಿ ಅವಳಿಗೆ ಬಾಗಿಲು ತೆರೆಯುವವರು ಯಾರೂ ಉಳಿದಿರಲಿಲ್ಲ.

"ನಾಳಿಗೆ," ಎಂದಳು.

ಮರುದಿನ ಕುರ್ಲಾ ಸ್ಟೇಷನ್ನಿಗೆ ಅಷ್ಟೂ ಮಂದಿ ಬಂದರು. "ದಾದರದಾಗ ಗಾಡಿ ಬದಲಿ ಮಾಡೂ ಮುಂದ ಹುಷಾರು," ಎಂದಳು ಹಾಲವ್ವ. ಬಸಲಿಂಗವ್ವ ಅಂಬವ್ವನ ಕೈಯಲ್ಲಿ ಒಂದು ಕುಲಾವಿ ಇಟ್ಟಳು. ಗೋದಿ ಚೀಲದ ಬಟ್ಟೆಯಿಂದ ಹೊಲಿದದ್ದು. ಎಷ್ಟು ಒಗೆದಿದ್ದರೂ ಪರದೇಶದ ಅಕ್ಷರ ಪೂರ್ತಿ ಹೋಗಿರಲಿಲ್ಲ.

"ಕೂಸು ಹುಟ್ಟೂ ಮೊದಲ ಕುಲಾವಿ ಅಂತ ಮಂದಿ ನಗತಾರ. ನಗಲಿ ಬಿಡು. ಕೂಸಿನ್ನ ಎತಿಗೊಂಡು ಮೊದಲ ನಮ್ಮ ಕಡೆನ ಬಾ. ಹಾದಿ ನೋಡತೀವಿ."

ಗಾಡಿ ಹೊರಟಿತು. ಇನ್ನು ಆ ಹೆಂಗಸರ ಮುಂದೆ ಬರಿಗೈಯಲ್ಲಿ ಹೋಗಿ ನಿಲ್ಲುವ ಹಾಗಿಲ್ಲ ಎಂಬುದು ಅಂಬವ್ವನಿಗೆ ಗೊತ್ತಿತ್ತು. ಮುಂದಿನ ಸ್ಟೇಷನ್ ಸಾಯನ್‌ನಲ್ಲಿ ಇಳಿದು, ಸೇತುವೆ ದಾಟಿ, ವಿಕ್ರೋಳಿಯ ಕಡೆಯ ಗಾಡಿ ಹತ್ತಿದಳು. ಅದು ಕುರ್ಲಾದಲ್ಲಿ ನಿಂತೇ ಹೋಗುತ್ತದೆಂದು ಹತ್ತಿದ ಮೇಲೆ ಹೊಳೆಯಿತು.

ಗಾಡಿ ಕುರ್ಲಾದಲ್ಲಿ ನಿಂತಾಗ ಅವರು ಇನ್ನೂ ಎದುರಿನ ಪ್ಲಾಟ್‌ಫಾರ್ಮಿನಲ್ಲೇ ಇದ್ದರು. ಹಾಲವ್ವ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದಳು. ಬಸಲಿಂಗವ್ವ ಮಾತ್ರ ಕೂಸನ್ನು ಕಂಕುಳಲ್ಲಿಟ್ಟುಕೊಂಡು, ಗಾಡಿ ಹೋದ ದಿಕ್ಕಿನ ಕಡೆ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಒಂದು ಸಲ ಕೂಗಿದರೆ ಕೇಳುತ್ತಿತ್ತು.

ಅಂಬವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಬಳೆ ಘಲ್ಲೆಂದವು. ಕುಲಾವಿ ಹಿಡಿದ ಕೈಯಿಂದಲೇ ಅವುಗಳನ್ನು ಬಿಗಿಯಾಗಿ ಅಮುಕಿ, ಗಾಡಿ ಹೊರಡುವವರೆಗೂ ಸದ್ದಾಗದಂತೆ ಹಿಡಿದು ಕೂತಳು.