ಮಡಚಿದ ಪೈಪು

ಕಾಲಿಸ್ಟೊ ಜನರನ್ನೂ ಸರಕನ್ನೂ ಸಾಗಿಸುವ ಉದ್ದನೆಯ ಜೀಪು, ಅವನ ಜೀಪ್ನಿ, ಗ್ಯಾರೇಜಿಗೆ ಬಂದಾಗ ಟಿಬುರ್ಸಿಯೊ ಅನ್ನಕ್ಕೆ ಒಣಮೀನು ನಂಜಿಕೊಂಡು ಊಟ ಮಾಡುತ್ತಿದ್ದ. ಗಾಡಿ ನಿಂತದ್ದು ಬ್ರೇಕಿನಿಂದಲ್ಲ, ಗೋಡೆಗೆ ಒರಗಿಸಿಟ್ಟ ಹಳೆಯ ಟೈರುಗಳಿಗೆ ಗುದ್ದಿ. ಬೆಂಗೆಟ್ ಗುಡ್ಡಗಳಲ್ಲಿ ನಲವತ್ತು ವರ್ಷ ಜೀಪ್ನಿಗಳ ಅಡಿಯಲ್ಲೇ ಮಲಗಿ ಕೆಲಸ ಮಾಡಿದ ಮೆಕ್ಯಾನಿಕ್ ಅವನು. ತಟ್ಟೆ ಪಕ್ಕಕ್ಕಿಟ್ಟು ಎದ್ದ.

"ಪೆಡಲ್ ಒತ್ತಿದ್ರೆ ತಳಕ್ಕೇ ಹೋಗ್ತದೆ, ಮನೋಂಗ್," ಎಂದ ಕಾಲಿಸ್ಟೊ. ತಮಗಿಂತ ಹಿರಿಯನಾದ ಟಿಬುರ್ಸಿಯೊನನ್ನು ಡ್ರೈವರುಗಳೆಲ್ಲ ಕರೆಯುತ್ತಿದ್ದುದೇ ಹಾಗೆ. "ಹಿಂದಿನ ಬಲಗಡೆ ಚಕ್ರ ಸೋರ್ತಾ ಇದೆ. ಆ ಪೈಪ್ ಮಡಚಿಬಿಡಿ. ಎರಡು ಗಂಟೆಗೆ ಟ್ರಿಪ್ಪಿದೆ."

ಈ ದಾರಿಯಲ್ಲಿ ಅದು ಮಾಮೂಲು. ಸೋರುವ ಚಕ್ರದ ಬ್ರೇಕ್ ಪೈಪನ್ನು ಮಡಚಿ, ಇಕ್ಕಳದಲ್ಲಿ ಅದುಮಿ ಚಪ್ಪಟೆ ಮಾಡಿದರೆ ಆಯಿಲ್ ಆ ಕಡೆ ಹೋಗುವುದಿಲ್ಲ, ಪೆಡಲ್ ಮೇಲೆ ಬರುತ್ತದೆ, ಉಳಿದ ಮೂರು ಚಕ್ರಗಳು ಹಿಡಿಯುತ್ತವೆ. ಚಕ್ರದೊಳಗೆ ಬ್ರೇಕ್ ಒತ್ತುವ ಸಿಲಿಂಡರ್ ಸೋರತೊಡಗಿದರೆ, ಇಂಥ ಹಳೇ ಗಾಡಿಗೆ ಹೊಸದನ್ನು ಯಾರೂ ಮಾಡುವುದಿಲ್ಲ. ಹಳೆಯದೊಂದು ಮನಿಲಾದ ಗುಜರಿಯಿಂದ ಬರಲು ತಿಂಗಳುಗಟ್ಟಲೆ ಕಾಯಬೇಕು.

ಬೇರೇನಾದರೂ ತೊಂದರೆ ಇದೆಯೇ ಎಂದು ಟಿಬುರ್ಸಿಯೊ ಕೇಳಿದ. ಬ್ರೇಕ್ ಹಾಕಿದಾಗ ಗಾಡಿ ಎಡಕ್ಕೆ ಎಳೆಯುತ್ತದಂತೆ, ಕೊಂಡ ದಿನದಿಂದಲೂ. ಸ್ಟೇರಿಂಗ್ ದೋಷ ಇರಬೇಕೆಂದು ಕಾಲಿಸ್ಟೊ ಸುಮ್ಮನಿದ್ದನಂತೆ.

ಅದು ಸ್ಟೇರಿಂಗ್ ದೋಷವಲ್ಲ ಅನ್ನಿಸಿತು ಟಿಬುರ್ಸಿಯೊಗೆ. ಜಾಕ್ ಕೊಟ್ಟು, ಕಾಲಿಸ್ಟೊನಿಂದ ಪೆಡಲ್ ಒತ್ತಿಸುತ್ತ, ಪೈಪಿನೊಳಗಿನ ಗಾಳಿ ಹೊರಬಿಡುವ ಏರ್ ಸ್ಕ್ರೂವನ್ನು ಒಂದೊಂದೇ ಚಕ್ರದಲ್ಲಿ ಸಡಿಲಿಸಿದ. ಮುಂದಿನ ಎಡಚಕ್ರದಲ್ಲಿ ಆಯಿಲ್ ಚಿಮ್ಮಿತು. ಮುಂದಿನ ಬಲಚಕ್ರದಲ್ಲಿ ಒಂದು ಹನಿಯೂ ಬರಲಿಲ್ಲ. ಅದರ ಪೈಪಿನ ಮೇಲೆ ಗಟ್ಟಿಯಾಗಿದ್ದ ಕೆಸರು ಕೆರೆದು ನೋಡಿದರೆ, ಅಲ್ಲಿಯೂ ಮಡಚಿದ್ದರು. ಚಪ್ಪಟೆಯಾದ ಜಾಗದಲ್ಲಿ ಇಕ್ಕಳದ ಹಲ್ಲಿನ ಗುರುತು, ನಡುವೆ ಒಂದು ಹಲ್ಲು ಮುರಿದ ಖಾಲಿ ಗೆರೆ. ಆ ಹಲ್ಲು ಮುರಿದ ಇಕ್ಕಳ ಈಗಲೂ ಟಿಬುರ್ಸಿಯೊನ ಸೊಂಟದಲ್ಲೇ ಇತ್ತು.

ಈ ಗಾಡಿ ಮೊದಲು ಆಲೂಗಡ್ಡೆ ಸಾಗಿಸುತ್ತಿದ್ದವನೊಬ್ಬನದು. ಸಿಲಿಂಡರ್ ಬರುವವರೆಗೆ ಸದ್ಯಕ್ಕೆ ನಡೆಯಲಿ ಎಂದು ಆರು ವರ್ಷದ ಹಿಂದೆ ಟಿಬುರ್ಸಿಯೊ ತಾನೇ ಮಡಚಿ ಕಳಿಸಿದ್ದ. ಸಿಲಿಂಡರ್ ಬರಲಿಲ್ಲ, ಆ ಆಲೂಗಡ್ಡೆಯವನೂ ಕೇಳಲಿಲ್ಲ. ಈಗ ಹಿಂದಿನದನ್ನೂ ಮಡಚಿದರೆ ಬಲಗಡೆ ಬ್ರೇಕೇ ಇರದು, ಒತ್ತಿದರೆ ಗಾಡಿ ಎಡಕ್ಕೇ ತಿರುಗೀತು. ಬಗಿಯೊ ಪಟ್ಟಣಕ್ಕೆ ಇಳಿಯುವ ಘಾಟಿಯಲ್ಲಿ ಎಡಕ್ಕಿರುವುದು ಕಮರಿ. ಟಿಬುರ್ಸಿಯೊ ಗಾಡಿಯಡಿಯಿಂದ ಹೊರಬಂದ.

"ನಾನು ಮಡಚಲ್ಲ," ಎಂದ.

"ನೀವು ಮಡಚದಿದ್ರೆ ಎದುರು ಗ್ಯಾರೇಜಿನವನು ಮಡಚ್ತಾನೆ," ಕಾಲಿಸ್ಟೊನ ದನಿ ಏರಲಿಲ್ಲ. "ದಿನಾ ನನ್ನ ಪಕ್ಕ ಕೂರೋದು ನನ್ನ ಹೆಂಡ್ತಿ, ಮನೋಂಗ್. ನನಗೆ ಭಯ ಇಲ್ಲ ಅಂದ್ಕೊಂಡ್ರಾ? ಗಾಡಿ ನಿಂತ್ರೆ ಮನೇಲಿ ಒಲೆ ಹತ್ತಲ್ಲ. ಒಂದು ದಾರಿ ಹೇಳಿ, ಕೇಳ್ತೀನಿ."

 ಕಾಲಿಸ್ಟೊ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ.

ಶೆಡ್ಡಿನ ಹಿಂದೆ ಇನ್ನೊಂದು ಜೀಪ್ನಿ ಇತ್ತು, ಇದೇ ಮಾದರಿಯದು. ಟಿಬುರ್ಸಿಯೊ ಅದರ ಹಣೆಯ ಮೇಲೆ ತೀರಿಕೊಂಡ ತನ್ನ ಹೆಂಡತಿ ಫೆಲಿಸಾಳ ಹೆಸರು ಬರೆಸಿ, ಮೆಕ್ಯಾನಿಕ್ ಕೆಲಸ ಬಿಟ್ಟ ಮೇಲೆ ತಾನೇ ಓಡಿಸುತ್ತೇನೆಂದು ಒಂಬತ್ತು ವರ್ಷದಿಂದ ತುಣುಕು ತುಣುಕಾಗಿ ಕಟ್ಟುತ್ತ ಬಂದಿದ್ದ. ಟಿಬುರ್ಸಿಯೊ ಅದರಡಿಗೆ ನುಸುಳಿದ. ಬಲಗಡೆಯ ಎರಡೂ ಸಿಲಿಂಡರುಗಳನ್ನು ಅವುಗಳ ಪೈಪುಗಳ ಸಮೇತ ಬಿಚ್ಚಿ ತಂದು ಕಾಲಿಸ್ಟೊನ ಗಾಡಿಗೆ ಕೂರಿಸಿ, ಏರ್ ತೆಗೆದ. ಎರಡು ಗಂಟೆಯ ಟ್ರಿಪ್ ತಪ್ಪಿತು. ನಾಲ್ಕರ ಟ್ರಿಪ್ಪಿಗೆ ಹೊರಟ ಗಾಡಿ ರಸ್ತೆಯ ತುದಿಯಲ್ಲಿ ಬ್ರೇಕ್ ಹಾಕಿ ನೇರವಾಗಿ ನಿಂತಿತು.

ಆದರೆ ಟಿಬುರ್ಸಿಯೊಗೆ ಸಮಾಧಾನವಾಗಲಿಲ್ಲ. ಈ ನಲವತ್ತು ವರ್ಷದಲ್ಲಿ ಹೀಗೆ ಎಷ್ಟು ಮಡಚಿದ್ದೇನೆ ಎಂದು ಲೆಕ್ಕ ಹಾಕಲು ಹೋಗಿ ಕೈಬಿಟ್ಟ. ಶೆಡ್ಡಿನ ಹಿಂದಿನ ಗಾಡಿಯಲ್ಲಿ ಉಳಿದದ್ದು ಇನ್ನೆರಡು ಸಿಲಿಂಡರು.

ಟಾರ್ಚ್ ಹಿಡಿದು ಅವನು ಜೀಪ್ನಿ ಸ್ಟ್ಯಾಂಡಿಗೆ ನಡೆದ. ಹನ್ನೊಂದು ಗಾಡಿಗಳು ಸಾಲಾಗಿ ನಿಂತಿದ್ದವು, ಎಲೆಕೋಸಿನ ಚೀಲ ಏರಿಸುತ್ತಿದ್ದರು, ಶಾಲೆ ಮಕ್ಕಳು ಹತ್ತುತ್ತಿದ್ದರು. ಯಾರಿಗೂ ಏನೂ ಹೇಳದೆ ಮೊದಲನೆಯದರ ಅಡಿಗೆ ಬೆನ್ನು ಕೊಟ್ಟು ಮಲಗಿದ.

"ಕೆಳಗೇನು ಬಿತ್ತು ಮನೋಂಗ್, ಹಲ್ಲಿನ ಸೆಟ್ಟಾ?" ಡ್ರೈವರು ಬಗ್ಗಿ ನಕ್ಕ.

"ನಾನು ಮಡಚಿದ್ದನ್ನ ಹುಡುಕ್ತಾ ಇದ್ದೀನಿ."

ಟಾರ್ಚಿನ ಬೆಳಕು ಮುಂದಿನ ಎಡಚಕ್ರದ ಪೈಪಿನ ಮೇಲೆ ನಿಂತಿತು. ಚಪ್ಪಟೆಯಾದ ಜಾಗದಲ್ಲಿ ಇಕ್ಕಳದ ಹಲ್ಲಿನ ಸಾಲು, ನಡುವೆ ಒಂದು ಹಲ್ಲಿನ ಗುರುತಷ್ಟೇ ಇರಲಿಲ್ಲ.

"ಮಕ್ಕಳನ್ನ ಇಳಿಸಪ್ಪ," ಎಂದ ಟಿಬುರ್ಸಿಯೊ.