ಬಳೆಯೊಳಗಿನ ಮರಿ

ತಿಮಿಂಗಿಲ ನೋಡಲು ಕಡಲ ತೀರದ ನಮ್ಮೂರಿಗೆ ಬಂದವರ ಬಾಯಲ್ಲಿ, ವಾಪಸು ಹೊರಡುವಾಗ ಒಂದೇ ದೂರು. "ಏನ್ರೀ, ಅಷ್ಟು ದೂರದಿಂದ ಬಂದು ಒಂದು ಕರಿ ಬೆನ್ನು ನೋಡ್ಕೊಂಡು ಹೋಗ್ಬೇಕಾ? ಫೋಟೋದಲ್ಲಿ ಇರುವೆ ಥರ ಕಾಣುತ್ತೆ!"

ಇದನ್ನು ಕೇಳಿ ಕೇಳಿ ದೋಣಿಯವರಿಗೆ ಸಾಕಾಗಿತ್ತು. ಕೊನೆಗೆ ಅವರೇ ಒಂದು ಉಪಾಯ ಮಾಡಿಕೊಂಡರು. ತಿಮಿಂಗಿಲ ಯಾರ ಕಣ್ಣಿಗೆ ಮೊದಲು ಬೀಳುತ್ತದೋ ಅವರು ಸೀಟಿ ಊದಬೇಕು. ಊದಿದ್ದೇ ತಡ, ಉಳಿದ ದೋಣಿಗಳೆಲ್ಲ ಓಡಿ ಬಂದು ಅದರ ಸುತ್ತ ದುಂಡಗೆ ನಿಲ್ಲಬೇಕು. ಇದಕ್ಕೆ ಅವರಿಟ್ಟ ಹೆಸರು "ಬಳೆ ಹಾಕೋದು". ಬಳೆ ಬಿತ್ತೆಂದರೆ ತಿಮಿಂಗಿಲ ಎತ್ತ ತಿರುಗಿದರೂ ಯಾವುದೋ ಒಂದು ಕ್ಯಾಮೆರಾದ ಎದುರಿಗೇ ಬರಬೇಕು.

ಊದುವುದರಲ್ಲಿ ಎಲ್ಲರಿಗಿಂತ ಮುಂದು ಸೀಟಿಯಣ್ಣ. ಅವನ ನಿಜವಾದ ಹೆಸರು ಊರಿಗೇ ಮರೆತುಹೋಗಿತ್ತು. ಬೆಳಿಗ್ಗೆ ದೋಣಿ ಓಡಿಸುತ್ತಿದ್ದ. ಮನೆಯ ಮಹಡಿ ಮೇಲಿನ ಎರಡು ಕೋಣೆಗಳನ್ನು ಅವನ ಹೆಂಡತಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದಳು. ತಿಮಿಂಗಿಲ ಬಂದರೆ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅಷ್ಟೇ ಅವರ ಸಂಸಾರ.

ಒಂದು ಸಂಜೆ ಹೆಂಡತಿಯ ತಂಗಿ ರಜೆಗೆಂದು ಬಂದಳು. ಆಕೆ ಪಟ್ಟಣದಲ್ಲಿ ಕಡಲ ಪ್ರಾಣಿಗಳಿಗೆ ಚಿಕಿತ್ಸೆ ಕೊಡುವ ಡಾಕ್ಟರು. ಅಕ್ಕನ ಜೊತೆ ಮಹಡಿಯಲ್ಲಿ ಒಗೆದ ಚಾದರಗಳನ್ನು ಹಿಂಡಿ ಹರವುತ್ತ, ಕೆಳಗೆ ಗೇಟಿಗೆ ತೂಗುಹಾಕಿದ್ದ ಬೋರ್ಡನ್ನು ನೋಡಿ, ಅಲ್ಲೇ ಕೂತಿದ್ದ ಸೀಟಿಯಣ್ಣನ ಕಡೆ ತಿರುಗಿ ನಕ್ಕಳು.

"ಭಾವ, ಇದೇನಿದು? 'ತಿಮಿಂಗಿಲದ ಕಾರಂಜಿ, ಕೈಗೆಟುಕುವಷ್ಟು ಹತ್ತಿರ' ಅಂತ ಬರೆಸಿದೀರಿ?"

"ಮತ್ತೆ? ತಲೆಯಿಂದ ನೀರು ಚಿಮ್ಮಿಸುತ್ತಲ್ಲ, ಜನ ಅದನ್ನೇ ಅಲ್ವಾ ನೋಡೋಕೆ ಬರೋದು?"

"ಅದು ಕಾರಂಜಿ ಅಲ್ಲ ಭಾವ, ಉಸಿರು. ತಿಮಿಂಗಿಲ ಮೀನಲ್ಲ. ನಮ್ಮ ಹಾಗೆ ಗಾಳಿ ಎಳ್ಕೊಳ್ಳುತ್ತೆ, ಮರಿಗೆ ಹಾಲು ಕೊಡುತ್ತೆ. ನೆತ್ತಿ ಮೇಲಿರೋ ತೂತೇ ಅದರ ಮೂಗು. ಚಳಿಗಾಲದಲ್ಲಿ ನಾವು ಉಸಿರು ಬಿಟ್ರೆ ಹೊಗೆ ಥರ ಬರಲ್ವಾ? ಹಾಗೆ."

"ಹೋಗಮ್ಮ ಡಾಕ್ಟರಮ್ಮ! ಇಷ್ಟು ವರ್ಷ ನನ್ನ ಮುಖಕ್ಕೆ ಸಿಡಿದಿದ್ದು ಏನು ಹಾಗಾದ್ರೆ, ಪನ್ನೀರಾ?"

"ಸಿಂಬಳ!" ಅಂದಳು ಆಕೆ. ಅಕ್ಕ ಚಾದರ ಬಾಯಿಗೆ ಒತ್ತಿಕೊಂಡು ನಕ್ಕಳು. ಸೀಟಿಯಣ್ಣನೂ ನಕ್ಕ. ನಕ್ಕನೇ ಹೊರತು ನಂಬಲಿಲ್ಲ.

ನಾದಿನಿ ನಗು ನಿಲ್ಲಿಸಿದಳು. "ತಮಾಷೆ ಸಾಕು. ಈ ಬಳೆ ಹಾಕೋದನ್ನ ಬಿಟ್ಬಿಡಿ ಭಾವ. ಕಡಿಮೆ ಅಂದ್ರೂ ನೂರು ಮೀಟರ್ ದೂರ ಇರಬೇಕು, ಮರಿ ಜೊತೆಗಿದ್ರೆ ಇನ್ನೂ ದೂರ. ನೀರೊಳಗೆ ಅವು ಕೂಗಿ ಕೂಗಿ ಒಂದನ್ನೊಂದು ಹುಡುಕ್ತವೆ. ಇಷ್ಟೊಂದು ಎಂಜಿನ್ ಸದ್ದಲ್ಲಿ ತಾಯಿ ಕೂಗಿದ್ದು ಮರಿಗೆ ಹೇಗೆ ಕೇಳಬೇಕು?"

"ದೂರ ನಿಂತ್ರೆ ನನ್ನ ದೋಣಿ ಯಾರು ಹತ್ತುತಾರೆ? ನಾವು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಂಡು ಮಲಗಬೇಕಷ್ಟೆ."

"ಅವು ಬರೋದೇ ನಿಂತ್ರೆ?"

"ನಮ್ಮಜ್ಜನ ಕಾಲದಿಂದ ಬರ್ತಿವೆ. ಇನ್ನೆಲ್ಲಿಗೆ ಹೋಗ್ತವೆ? ಕಡಲು ಬಿಟ್ಟು ಬೆಟ್ಟ ಹತ್ತುತಾವಾ?"

ಆ ಮಾತು ಅಲ್ಲಿಗೇ ಮುಗಿಯಿತು. ಬೆಳಿಗ್ಗೆ ನಾದಿನಿ ಇನ್ನೂ ಚಹಾ ಕುಡಿಯುತ್ತಿದ್ದಳು, ಅವನ ದೋಣಿ ಆಗಲೇ ತುಂಬಿತ್ತು.

ಕಡಲು ಅವತ್ತು ಎಣ್ಣೆ ಸುರಿದ ಹಾಗೆ ನುಣ್ಣಗಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನಿಗೆ ಕಂಡದ್ದು ಒಂದು ದೊಡ್ಡ ಬೆನ್ನು, ಅದಕ್ಕೆ ಅಂಟಿಕೊಂಡು ಒಂದು ಪುಟ್ಟ ಬೆನ್ನು. ನಾದಿನಿಯ ಮಾತು ನೆನಪಾಗಲಿಲ್ಲವೆ? ಆಯಿತು. ಆದರೆ ಹಿಂದಿನಿಂದ ಯಾರೋ "ಮರಿ! ಮರಿ! ಹತ್ತಿರ ಹೋಗಣ್ಣ!" ಎಂದು ಕಿರುಚಿದರು. ಅವನ ಕೈ ತಾನಾಗಿ ಸೀಟಿಗೆ ಹೋಯಿತು.

ಬಳೆ ಬಿತ್ತು. ಎಂಜಿನ್‌ಗಳು ಗುರುಗುಟ್ಟಿದವು, ಜನ ಚಪ್ಪಾಳೆ ತಟ್ಟಿದರು. ತಾಯಿ ಒಮ್ಮೆ ಮುಳುಗಿತು, ಬೇರೆ ಕಡೆ ಎದ್ದಿತು, ಅಲ್ಲೂ ದೋಣಿ. ಮತ್ತೆ ಮುಳುಗಿತು. ಮರಿ ಮಾತ್ರ ಗಾಬರಿಯಿಂದ ಎರಡು ದೋಣಿಗಳ ಸಂದಿಯಲ್ಲಿ ನುಸುಳಿ ಓಡಿತು. ಓಡಿದ್ದು ದಡದ ಕಡೆಗೆ. ಅದನ್ನು ಯಾರೂ ಗಮನಿಸಲಿಲ್ಲ. ಎಲ್ಲರೂ ತಮ್ಮ ತಮ್ಮ ಫೋಟೋ ನೋಡಿಕೊಳ್ಳುತ್ತಿದ್ದರು.

ಸೀಟಿಯಣ್ಣ ದೋಣಿ ಕಟ್ಟಿ ಬರುವಾಗ ದಡದಲ್ಲಿ ಜನ ಸೇರಿದ್ದರು. ಮರಿ ಮರಳಲ್ಲಿ ಸಿಕ್ಕಿಬಿದ್ದಿತ್ತು. ಚರ್ಮ ಬಿಸಿಲಿಗೆ ಬಿರಿಯತೊಡಗಿತ್ತು. ಸೀಟಿಯಣ್ಣ ಜನರನ್ನು ಸರಿಸಿಕೊಂಡು ಮುಂದೆ ನುಗ್ಗಿದ. ಅವನು ಕೆಟ್ಟವನಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಮುಂದೆ ಅವನು ಮಾಡಿದ್ದೆಲ್ಲ ಪ್ರೀತಿಯಿಂದಲೇ ಮಾಡಿದ.

"ನಿನ್ನ ನಾದಿನಿಗೆ ಒಂದು ಫೋನ್ ಮಾಡಪ್ಪ," ಎಂದರು ಬಲೆ ಹೆಣೆಯುವ ಅಜ್ಜಿ.

"ಮೊದಲು ನೀರು ಅಜ್ಜಿ, ಫೋನು ಆಮೇಲೆ! ಬಕೆಟ್ ತನ್ನಿ!"

ಬಕೆಟ್‌ಗಳು ಬಂದವು. ಅವನು ಮರಿಯ ತಲೆಯ ಪಕ್ಕದಲ್ಲಿ ಮಂಡಿಯೂರಿದ. ನೆತ್ತಿಯ ಮೇಲಿನ ತೂತು ಬಿಗಿಯಾಗಿ ಮುಚ್ಚಿಕೊಂಡಿತ್ತು, ಆಗಾಗ ಸಣ್ಣಗೆ ತೆರೆದು ಫುಸ್ಸೆನ್ನುತ್ತಿತ್ತು. ಒಂದು ಹನಿ ನೀರೂ ಚಿಮ್ಮಲಿಲ್ಲ. ಕಾರಂಜಿ ಬತ್ತಿಹೋಗಿದೆ ಎಂದುಕೊಂಡ. ತೂತು ತೆರೆದಾಗಲೆಲ್ಲ ಅದು ನೀರು ಕೇಳುತ್ತಿದೆ ಎಂದುಕೊಂಡ. ತೆರೆದಾಗಲೆಲ್ಲ ಹುಯ್ದ.

"ಕುಡಿ ಕಂದ, ಕುಡಿ. ಇಲ್ಲೇ ಇದೀನಿ."

ಮರಿ ಒದ್ದಾಡಿತು. "ನೋಡಿ, ಜೀವ ಬಂತು!" ಎಂದು ಅವನು ಇನ್ನೊಂದು ಬಕೆಟ್ ಎತ್ತಿದ. ಅಷ್ಟರಲ್ಲಿ, ದಡಕ್ಕೆ ಬಂದಿದ್ದ ಹೆಂಡತಿ ಯಾರಿಗೂ ಹೇಳದೆ ತಂಗಿಗೆ ಫೋನ್ ಮಾಡಿದ್ದಳು.

ನಾದಿನಿ ಮಹಡಿಯ ಹಗ್ಗದಿಂದ ಚಾದರಗಳನ್ನು ಎಳೆದುಕೊಂಡು ಬರಿಗಾಲಲ್ಲಿ ಓಡಿ ಬಂದಳು. ಬಂದವಳು ಮರಿಯ ನೆತ್ತಿಯ ಮೇಲೆ ಅಂಗೈ ಹಿಡಿದು ನೋಡಿದಳು. ತುಂಬ ಹೊತ್ತು ಹಿಡಿದರೂ ಉಸಿರು ತಾಗಲಿಲ್ಲ.

"ಇಲ್ಲಿಗೆ ನೀರು ಹುಯ್ದವರು ಯಾರು?"

"ನಾನೇ," ಅಂದ ಸೀಟಿಯಣ್ಣ, ಏದುಸಿರು ಬಿಡುತ್ತ. "ಒಂದು ಗಳಿಗೆನೂ ಒಣಗೋಕೆ ಬಿಟ್ಟಿಲ್ಲ ನೋಡು."

ಆಕೆ ಚಾದರಗಳ ಸಮೇತ ಮರಳಿನ ಮೇಲೆ ಕುಸಿದು ಕೂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಭಾವ, ಅದು ಉಸಿರಾಡೋಕೆ ಮೂಗು ತೆರೀತಿತ್ತು."

ಬಕೆಟ್ ಅವನ ಕೈಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ.

"ನೀರು ಹುಯ್ಯದೆ ಇದ್ದಿದ್ರೆ ಬದುಕ್ತಿತ್ತಾ?" ಹೆಂಡತಿ ಮೆಲ್ಲಗೆ ಕೇಳಿದಳು.

"ಗೊತ್ತಿಲ್ಲ ಅಕ್ಕ. ಸುಳ್ಳು ಹೇಳಲಾರೆ. ಒದ್ದೆ ಚಾದರ ಹೊದಿಸಿ, ಮೂಗು ಬಿಟ್ಟು ಮೈಗೆ ಮಾತ್ರ ನೀರು ಹಾಕಿ, ನೆರಳು ಮಾಡಿ, ಜನರನ್ನ ದೂರ ಇಟ್ಟು ಕಾದಿದ್ರೆ ನನ್ನ ಜೊತೆಯವರು ದೋಣಿ, ಜೋಲಿ ತಂದು ಒಂದು ಪ್ರಯತ್ನ ಮಾಡ್ತಿದ್ರು. ಆ ಪ್ರಯತ್ನಾನೂ ಈಗ ಇಲ್ಲ."

ಆಗ ಯಾರೋ ಕಡಲ ಕಡೆ ಕೈ ತೋರಿಸಿದರು. ತಾಯಿ ಅಲ್ಲೇ ಇತ್ತು. ದಡಕ್ಕೆ ಬರಲಾರದೆ, ಬಿಟ್ಟು ಹೋಗಲಾರದೆ ಅತ್ತಿಂದಿತ್ತ ತಿರುಗುತ್ತಿತ್ತು. ಅದರ ಉಸಿರು ಬಿಳಿಯಾಗಿ ಮೇಲೇಳುತ್ತಿತ್ತು. ಕಾರಂಜಿ ನೋಡಿ ಎಂದು ಅವತ್ತು ಯಾರೂ ಅನ್ನಲಿಲ್ಲ. ಸೀಟಿಯಣ್ಣ ಮುಖ ಮುಚ್ಚಿಕೊಂಡು ಎಲ್ಲರೆದುರೂ ಗೊಳೋ ಎಂದು ಅತ್ತ.

ತಾಯಿ ಕೆಲವು ದಿನ ತಿರುಗಿತು. ಆಮೇಲೆ ಕಾಣಲಿಲ್ಲ.

ದೋಣಿಯವರೆಲ್ಲ ಅವನ ಮನೆಯ ಜಗಲಿಯಲ್ಲಿ ಸೇರಿದರು. ಬಳೆ ಹಾಕುವುದಿಲ್ಲ, ದೂರದಲ್ಲೇ ನಿಲ್ಲುತ್ತೇವೆ ಎಂದು ಒಪ್ಪಿಕೊಂಡರು. ಅವನ ಹೆಂಡತಿ ಕೋಣೆಗೆ ಬಂದವರಿಗೆ ಮೊದಲೇ ಹೇಳತೊಡಗಿದಳು, "ಹತ್ತಿರ ಹೋಗಲ್ಲ, ಮೊದಲೇ ಹೇಳಿದೀನಿ. ಒಪ್ಪಿಗೆ ಇದ್ರೆ ಇರಿ." ಬೋರ್ಡನ್ನು ಸೀಟಿಯಣ್ಣ ತಾನೇ ಇಳಿಸಿದ. ಇಡೀ ಊರು ಬುದ್ಧಿ ಕಲಿತಿತು. ಕಲಿತು ಏನು ಬಂತು? ಮರುವರ್ಷ ತಿಮಿಂಗಿಲ ಬರಲಿಲ್ಲ. ಅದರ ಮರುವರ್ಷವೂ ಇಲ್ಲ. ಮಹಡಿಯ ಕೋಣೆಗಳಿಗೆ ಬೀಗ ಬಿತ್ತು. ಆದರೂ ಅವನು ಈಗಲೂ ಬೆಳಿಗ್ಗೆ ಹೋಗುತ್ತಾನೆ. ಅವತ್ತು ಬಳೆ ಹಾಕಿದ್ದ ಜಾಗದಿಂದ ನೂರು ಮೀಟರ್ ಈಚೆಗೆ ದೋಣಿ ನಿಲ್ಲಿಸಿ, ಎಂಜಿನ್ ಆರಿಸಿ ಕೂರುತ್ತಾನೆ. ಎದುರಿಗೆ ಬರೀ ನೀರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ತಿಮಿಂಗಿಲ ನೋಡಲು ಹೋದರೆ "ಇನ್ನೂ ಹತ್ತಿರ" ಅನ್ನಬೇಡಿ. ದೋಣಿಯವನು ತಾನಾಗಿ ಹತ್ತಿರ ಹೋದರೆ, ನಿಲ್ಲಿಸಪ್ಪ ಅನ್ನಿ. ಸುತ್ತುಗಟ್ಟಬೇಡಿ, ತಾಯಿಗೂ ಮರಿಗೂ ನಡುವೆ ನುಗ್ಗಬೇಡಿ. ಯಾವುದಾದರೂ ದಡಕ್ಕೆ ಬಿದ್ದಿದ್ದು ಕಂಡರೆ ಮೊದಲು ಫೋನ್ ಮಾಡಿ, ತಿಳಿದವರನ್ನು ಕರೆಯಿರಿ. ಬಾಲ ಹಿಡಿದು ಎಳೆಯಬೇಡಿ, ನಾಯಿ ಮತ್ತು ಜನರನ್ನು ದೂರವಿಡಿ. ಒದ್ದೆ ಬಟ್ಟೆ ಹೊದಿಸಿ, ಆದರೆ ನೆತ್ತಿಯ ಮೇಲಿನ ಮೂಗಿಗೆ ಬಟ್ಟೆಯೂ ಬೀಳಬಾರದು, ಒಂದು ಹನಿ ನೀರೂ ಬೀಳಬಾರದು.

ನಮ್ಮೂರಿಗೆ ಇದು ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು. ನಿಮ್ಮ ಕಡಲಿನಲ್ಲಿ ಆ ಬಿಳಿಯ ಉಸಿರು ಇನ್ನೂ ಏಳುತ್ತಿದ್ದರೆ, ನಿಮ್ಮ ದಮ್ಮಯ್ಯ, ದೂರ ನಿಲ್ಲಿ.